ಕೋವಿಗೆ ಬಾಗುವ ಮೊದಲು

ಸಿಡ್ನಿ ವಿಮಾನ ನಿಲ್ದಾಣ, ಮಾರ್ಚ್ ೩

ಆಸ್ಟ್ರೇಲಿಯಾದಲ್ಲಿ ಇಳಿದು ಇನ್ನೂ ಬಾಗಿಲು ದಾಟಿರಲಿಲ್ಲ, ಅಷ್ಟರಲ್ಲೇ ಎರಡು ಸತ್ಯ ಹೇಳಬೇಕಾಯಿತು. ಒಂದು, ನಾನು ಬಂದಿರುವುದು ಬಂದೂಕು ತರಬೇತುದಾರರ ಕೋರ್ಸಿಗೆ. ಎರಡು, ನನ್ನ ಚೀಲದಲ್ಲಿ ಹಂದಿಮಾಂಸದ ಉಪ್ಪಿನಕಾಯಿ ಇದೆ. ಮೊದಲನೆಯದನ್ನು ಕೇಳಿ ಅಧಿಕಾರಿ ಪತ್ರ ನೋಡಿದರು, ತಲೆಯಾಡಿಸಿದರು. ಎರಡನೆಯದನ್ನು ಕೇಳಿದ ಕೂಡಲೇ ಕೈಗವಸು ಹಾಕಿಕೊಂಡರು.

"ಯಾರು ಮಾಡಿದ್ದು ಇದು?"

"ನನ್ನ ಅವ್ವ."

"ಚೆನ್ನಾಗಿರುತ್ತಾ?"

"ತುಂಬಾ."

"ಹಾಗಾದರೆ ಇನ್ನೂ ಬೇಜಾರು," ಎಂದು ಬಾಟಲಿಯನ್ನು ಕಸದ ಡಬ್ಬಕ್ಕೆ ಹಾಕಿದರು. ಪಕ್ಕದ ಸಣ್ಣ ಸೀಸೆಯನ್ನು ಬೆಳಕಿಗೆ ಹಿಡಿದು, ಈ ಕಪ್ಪು ಎಣ್ಣೆ ಬಂದೂಕಿಗೆ ಹಚ್ಚುವುದಾ ಎಂದು ಕೇಳಿದರು. ಅದು ಕಾಚಂಪುಳಿ, ಹಣ್ಣಿನ ಹುಳಿ, ಕೊಡಗಿನಲ್ಲಿ ಅಡುಗೆಗೆ ಬೇಕೇ ಬೇಕು ಎಂದೆ. ಮುಚ್ಚಳ ತೆಗೆದು ಮೂಸಿದವರ ಕಣ್ಣಲ್ಲಿ ನೀರು ಬಂತು. ಅದನ್ನು ನನಗೇ ಬಿಟ್ಟರು.

ಗೋಣಿಕೊಪ್ಪಲಿನ ಹತ್ತಿರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಆಟದ ಟೀಚರ್. ಶಾಲೆಯ ಹಿಂದೆ ಗುಡ್ಡಕ್ಕೆ ಮುಖಮಾಡಿ ಒಂದು ಸಣ್ಣ ರೈಫಲ್ ರೇಂಜ್ ಇದೆ. ಹಳೆಯ ಕೋಚ್ ನಿವೃತ್ತರಾದ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಸರ್ಟಿಫಿಕೇಟ್ ಇರುವ ತರಬೇತುದಾರರು ಸಿಕ್ಕರೆ ಬೀಗ ತೆಗೆಯುತ್ತೇವೆ, ಇಲ್ಲದಿದ್ದರೆ ಆ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಎಂದು ಆಡಳಿತ ಮಂಡಳಿ ಹೇಳಿಬಿಟ್ಟಿತ್ತು. ಸಿಡ್ನಿಯಲ್ಲಿರುವ ಒಬ್ಬ ಹಳೆ ವಿದ್ಯಾರ್ಥಿನಿ ತಮ್ಮ ಕ್ಲಬ್ಬಿನ ಕೋರ್ಸಿನಲ್ಲಿ ನನಗೊಂದು ಜಾಗ ಕೊಡಿಸಿದರು. ಮೂರು ದಿನ ಸಿಡ್ನಿಯಲ್ಲಿ ಪಾಠ. ಆಮೇಲೆ ಮೆಲ್ಬರ್ನ್ ಹೊರಗಿನ ಇನ್ನೊಂದು ಕ್ಲಬ್ಬಿನಲ್ಲಿ ನಾವೇ ಒಬ್ಬರಿಗೆ ಕಲಿಸಿ ತೋರಿಸುವ ಪರೀಕ್ಷೆ.

ಹೊರಡುವ ಹಿಂದಿನ ದಿನ ಎಂಟನೇ ಕ್ಲಾಸಿನ ಹುಡುಗಿಯರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಅವರ ಪರವಾಗಿ ರುಕ್ಸಾನಾ ಮಾತಾಡಿದಳು: "ಮಿಸ್, ಪಾಸಾಗಿ ಬನ್ನಿ. ನಮ್ಮ ಹತ್ರ ಸೈಕಲ್ಲೂ ಇಲ್ಲ."

ಸಿಡ್ನಿ, ಮಾರ್ಚ್ ೫

ಕ್ಲಬ್ಬು ನಗರದ ಪಶ್ಚಿಮಕ್ಕೆ, ಮನೆಗಳು ಮುಗಿದು ಕಾಡು ಶುರುವಾಗುವ ಕಡೆ ಇತ್ತು. ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಒಂದು ಸಿಲ್ವರ್ ಓಕ್ ಕಂಡಿತು. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೆ ನಿಲ್ಲಿಸುವ ಮರ ಮೂಲತಃ ಈ ದೇಶದ್ದು ಎಂದು ಓದಿದ್ದೆ. ಆದರೂ ಕರಿಮೆಣಸಿನ ಬಳ್ಳಿ ಇಲ್ಲದ ಸಿಲ್ವರ್ ಓಕನ್ನು ಜೀವಮಾನದಲ್ಲಿ ಮೊದಲ ಬಾರಿ ನೋಡುತ್ತಿದ್ದೆ. ಸೀರೆ ಉಡದೆ ಅಂಗಳಕ್ಕೆ ಬಂದವರ ಹಾಗೆ ಕಂಡಿತು. ನನಗೇ ನಾಚಿಕೆಯಾಗಿ ಆಚೆ ತಿರುಗಿದೆ.

ಇಂಥ ಕೋರ್ಸಿಗೆ ಹೋಗುವವರಿಗೆ ಮೊದಲು ಒಂದು ಮಾತು. ಅಲ್ಲಿ ಗುಂಡು ಹೊಡೆಯುವುದನ್ನು ಕಲಿಸುವುದಿಲ್ಲ. ಅದು ಬರುತ್ತದೆ ಎಂದೇ ಅವರ ಎಣಿಕೆ. ಮೊದಲ ದಿನ ನಾವು ಕೋವಿಯನ್ನು ಕಣ್ಣಿಂದಲೂ ನೋಡಲಿಲ್ಲ. ದಿನವಿಡೀ ಮಾತು. ಕಲಿಯುವವರ ಯಾವ ಪಕ್ಕ ನಿಲ್ಲಬೇಕು, ಯಾವ ಕಣ್ಣು ಬಲವಾದದ್ದೆಂದು ಹೇಗೆ ಪತ್ತೆ ಮಾಡಬೇಕು, ಹೆದರಿದವರ ಉಸಿರು ಹೇಗಿರುತ್ತದೆ, ಹೆದರಿಲ್ಲವೆಂದು ನಟಿಸುವವರ ಉಸಿರು ಹೇಗಿರುತ್ತದೆ.

ಕಲಿಸುತ್ತಿದ್ದವರು ಗ್ರೇಮ್ ಎಂಬ ಅರವತ್ತು ದಾಟಿದ, ಉದ್ದ ಕಾಲುಚೀಲದ ಮನುಷ್ಯ. ಮೊದಲು ಶಾಲೆಯೊಂದರಲ್ಲಿ ಮರಗೆಲಸ ಹೇಳಿಕೊಡುತ್ತಿದ್ದರಂತೆ. ಅವರನ್ನು ಸರ್ ಎಂದು ಕರೆದೆ. "ಸರ್ ಅಂದರೆ ನಮ್ಮಪ್ಪ ಹಿಂದೆ ನಿಂತಿದ್ದಾರೇನೋ ಅನಿಸುತ್ತದೆ, ಗ್ರೇಮ್ ಅನ್ನು," ಎಂದರು. ಅಪ್ಪನಿಗಿಂತ ಹಿರಿಯರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಮೂರು ದಿನವೂ ಅವರನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತೇ ಕೆಲಸ ಸಾಗಿಸಿದೆ.

ಊರಿನಲ್ಲಿ ನಮಗೆ ಕಲಿಸಿದ ಕೋಚ್ ನಮ್ಮ ಭುಜವನ್ನು ಬಾಗಿಲಿನ ಚಿಲಕದಂತೆ ಹಿಡಿದು ತಿರುಗಿಸುತ್ತಿದ್ದರು. ಇಲ್ಲಿ ಕಲಿಯುವವರ ಮೊಣಕೈ ಮುಟ್ಟಬೇಕಾದರೂ "ಮುಟ್ಟಲೇ?" ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಜೊತೆಯಲ್ಲಿ ಕಲಿಯುತ್ತಿದ್ದ ಸ್ಟೀವ್, ವೃತ್ತಿಯಲ್ಲಿ ಕೊಳಾಯಿ ರಿಪೇರಿಯವನು, ಇದನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡನೆಂದರೆ ಟೀ ಕುಡಿಯುವಾಗ ಸಕ್ಕರೆ ಡಬ್ಬಕ್ಕೂ "ಮುಟ್ಟಲೇ?" ಎಂದು ಕೇಳಿಯೇ ತೆಗೆದುಕೊಂಡ.

ಸಂಜೆ ಕೂಗುವ ಅಭ್ಯಾಸ. ಅಪಾಯ ಕಂಡ ಯಾರೇ ಆಗಲಿ, ಹೊಸಬರೋ ಹಳಬರೋ, "ಸ್ಟಾಪ್" ಎಂದು ಕೂಗಬಹುದು. ಕೂಗಿದವರು ತಪ್ಪಿದ್ದರೂ ಯಾರೂ ಬೈಯುವಂತಿಲ್ಲ. ಬಯಲಿನ ತುದಿಯಲ್ಲಿ ಗುರಿಹಲಗೆಯ ಮರದ ಚೌಕಟ್ಟನ್ನು ಬಿಳಿ ಕಾಕಟೂ ಗಿಳಿಗಳು ಕಡಿಯುತ್ತಿದ್ದವು. ಅವುಗಳಿಗೆ ಕೇಳುವಂತೆ ಕೂಗಬೇಕಿತ್ತು. ಸ್ಟೀವ್ ಕೂಗಿದಾಗ ಎಲ್ಲವೂ ಹಾರಿದವು. ನಾನು ಕೂಗಿದಾಗ ಒಂದು ಗಿಳಿ ಕತ್ತು ಓರೆ ಮಾಡಿ ನೋಡಿ ಮತ್ತೆ ಕಡಿಯತೊಡಗಿತು.

"ನೀನು ಅದಕ್ಕೆ ಅರ್ಜಿ ಕೊಡುತ್ತಿದ್ದೀಯ," ಎಂದರು ಗ್ರೇಮ್.

ಸಿಡ್ನಿ, ಮಾರ್ಚ್ ೬

ನನ್ನ ಡೈರಿಯಲ್ಲಿ ಈ ದಿನದ ಪುಟದ ಮೇಲ್ಗಡೆ ಗೀಟುಗಳಿವೆ. ಪ್ರತಿ ಗೀಟೂ ನನ್ನನ್ನು ನೋಡಿ ಯಾರಾದರೂ "ಸ್ಟಾಪ್" ಎಂದು ಕೂಗಿದ್ದರ ಲೆಕ್ಕ.

ಬೆಳಿಗ್ಗೆ ಗ್ರೇಮ್ ಒಂದು ರೈಫಲನ್ನು ಬೆಂಚಿನ ಮೇಲಿಟ್ಟರು. ಅಗುಳಿಯಂಥ ಬೋಲ್ಟ್ ತೆರೆದಿತ್ತು. ಗುಂಡು ಕೂರುವ ಗೂಡಿನಿಂದ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಹೊರಗೆ ಚಾಚಿಕೊಂಡಿತ್ತು. ಗೂಡು ಖಾಲಿ ಎಂದು ದೂರದಿಂದಲೇ ಕಾಣಲಿ ಎಂದು ಆ ಪಟ್ಟಿ. "ಎತ್ತಿಕೋ. ಸ್ಟೀವ್‌ಗೆ ಕೊಡು. ಇಷ್ಟೇ," ಎಂದರು.

ಇಷ್ಟೇ. ಹತ್ತು ವರ್ಷದವಳಿದ್ದಾಗಿಂದ ಮಾಡಿದ ಕೆಲಸ. ಹಿಡಿಯನ್ನು ಮುಟ್ಟಿ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಎರಡೂ ಕೈಯಲ್ಲಿ ಕೋವಿಯನ್ನು ಅಡ್ಡಲಾಗಿ ಎತ್ತಿ ಹಣೆಗೆ ತಾಗಿಸಿದೆ.

"ಸ್ಟಾಪ್!"

ಗಿಳಿಗಳು ಹಾರಿದವು. ನಾನು ಹಣೆಗೆ ಕೋವಿ ಒತ್ತಿಕೊಂಡೇ ಕಲ್ಲಾದೆ. ನಳಿಗೆಯ ಬಾಯಿ ಎಲ್ಲಿದೆ ಎಂದು ಗ್ರೇಮ್ ಕೇಳಿದರು. ಕಣ್ಣು ಹೊರಳಿಸಿ ನೋಡಿದೆ. ಅದು ಸ್ಟೀವ್‌ನ ಹೊಟ್ಟೆಯ ಕಡೆ ಇತ್ತು.

"ನಾನು ಸಕ್ಕರೆಯನ್ನಷ್ಟೇ ಮುಟ್ಟಿದ್ದು, ತಾಯಿ," ಎಂದ ಸ್ಟೀವ್.

ಎಲ್ಲರೂ ನಕ್ಕರು. ಗ್ರೇಮ್ ನಗಲಿಲ್ಲ. ಕೋವಿಯನ್ನು ಬೆಂಚಿಗೆ ಇಳಿಸಿ, ನನ್ನನ್ನು ಪಕ್ಕಕ್ಕೆ ಕರೆದು, ಅದೇನೆಂದು ಕೇಳಿದರು. ನಾನು ಹೇಳಿದೆ. ನಮ್ಮಲ್ಲಿ ಕೈಲ್‌ಪೋದ್ ಎಂಬ ಹಬ್ಬವಿದೆ. ಅಂದು ಮನೆಯ ಕೋವಿಗಳನ್ನೆಲ್ಲ ಒರೆಸಿ, ನಡುಮನೆಯಲ್ಲಿ ದೀಪದ ಮುಂದೆ ಇಟ್ಟು, ಗಂಧ ಹಚ್ಚುತ್ತೇವೆ. ನಳಿಗೆಗೆ ಕೆಂಪು ಹಳದಿಯ ತೋಕ್‌ಪೂ ಸಿಕ್ಕಿಸುತ್ತೇವೆ. ಬೆಂಕಿಯ ನಾಲಿಗೆಯಂತೆ ಎಸಳು ಮೇಲೆತ್ತಿರುವ ಹೂವು ಅದು. ಕೋವಿ ಮುಟ್ಟಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಪುಸ್ತಕಕ್ಕೆ ಮಾಡಿದ ಹಾಗೆ. ನನಗೆ ಹೀಗೆ ಕಲಿಸಿದವಳು ನನ್ನ ತಾಯಿ. ಆ ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಊರ ಗಂಡಸರನ್ನು ಸೋಲಿಸಿ ಮನೆಗೆ ಕಳಿಸುತ್ತಿದ್ದವಳು.

ಗ್ರೇಮ್ ಪೂರ್ತಿ ಕೇಳಿದರು. "ನಿನ್ನ ನಮಸ್ಕಾರದ ಬಗ್ಗೆ ನನ್ನ ತಕರಾರಿಲ್ಲ. ನಮಸ್ಕಾರ ಮಾಡುವಾಗ ನಿನ್ನ ಕಣ್ಣು ಮುಚ್ಚಿತ್ತು. ಅದು ತಕರಾರು."

ಮುಚ್ಚಿತ್ತು, ನಿಜ. ಮುಚ್ಚದೆ ಕಣ್ಣಿಗೆ ಒತ್ತಿಕೊಳ್ಳುವುದು ಹೇಗೆ?

ಅಂದು ಮತ್ತೆರಡು ಬಾರಿ ಅದೇ ಆಯಿತು. ನಾನು ಮಾಡುತ್ತಿದ್ದೇನೆ ಎಂದು ನನಗೆ ತಿಳಿಯುವ ಮೊದಲೇ ಕೈ ಮಾಡಿ ಮುಗಿಸಿರುತ್ತಿತ್ತು. ಸಂಜೆ ಮೋಟೆಲ್ಲಿಗೆ ಬಂದು ಅನ್ನ ಬೇಯಿಸಿ, ಕಾಚಂಪುಳಿ ಹಾಕಿದ ಸಾರು ಕಲಸಿಕೊಂಡು, ಕಿಟಕಿಯಲ್ಲಿ ಕೂತೆ. ಎದುರಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಸರ್ದಾರ್ಜಿ ಹುಡುಗ ಫೋನಿನಲ್ಲಿ ಜೋರಾಗಿ ನಗುತ್ತಿದ್ದ. ಅಷ್ಟು ಸುಲಭವಾಗಿ ನಗುವವರನ್ನು ಕಂಡರೆ ಅಸೂಯೆಯಾಗುವ ಸಂಜೆ ಅದು.

ಸಿಡ್ನಿ, ಮಾರ್ಚ್ ೭

ಮೂರನೆಯ ದಿನ ಹಲ್ಲು ಕಚ್ಚಿ ನಿಂತೆ. ಬಲಗೈ ಹಿಡಿಯ ಕಡೆ ಹೋದಾಗ ಎಡಗೈಯಲ್ಲಿ ಪ್ಯಾಂಟಿನ ಬಟ್ಟೆ ಹಿಡಿದುಕೊಂಡೆ. ನಮಸ್ಕಾರ ಆಗಲಿಲ್ಲ. ಗ್ರೇಮ್ ತಲೆಯಾಡಿಸಿದರು. ನಾನು ಪಟ್ಟಿ ತೆಗೆದೆ, ಬೋಲ್ಟ್ ಮುಚ್ಚಿದೆ, ಗುರಿಗೆ ಎತ್ತಿದೆ.

"ಸ್ಟಾಪ್." ಈ ಬಾರಿ ಅವರು ಮೆತ್ತಗೆ ಹೇಳಿದರು. "ಒಳಗೆ ನೋಡಿದೆಯಾ?"

ನೋಡಿರಲಿಲ್ಲ. ಬೋಲ್ಟ್ ಮುಚ್ಚುವ ಮೊದಲು ಗೂಡಿನೊಳಗೆ ಕಣ್ಣು ಹಾಕಿ, ಕಿರುಬೆರಳು ತೂರಿಸಿ ಖಾಲಿ ಎಂದು ಖಚಿತ ಮಾಡಿಕೊಳ್ಳುವುದನ್ನು ನಾನು ಆ ತನಕ ಒಮ್ಮೆಯೂ ಮರೆತವಳಲ್ಲ. ಹಿಂದಿನ ದಿನ ಬೈಸಿಕೊಂಡಾಗಲೂ ಅದನ್ನು ಬಿಟ್ಟಿರಲಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದಾಗ ಕಾರಣ ಹೊಳೆಯಿತು. ಅವ್ವ ನನಗೆ ಕೋವಿಯನ್ನು ಒಂದು ಹಾಡಿನಂತೆ ಕಲಿಸಿದ್ದಳು. ಮುಟ್ಟು, ಕಣ್ಣಿಗೊತ್ತು, ತೆರೆ, ನೋಡು, ಬೆರಳು ಹಾಕು. ಮೊದಲ ಸಾಲು ಕಿತ್ತರೆ ಉಳಿದದ್ದು ನೆನಪಿಗೆ ಬರುತ್ತಿರಲಿಲ್ಲ. ನಮಸ್ಕಾರ ಮಾಡಿದರೆ ಅಪಾಯ. ಬಿಟ್ಟರೆ ಅದಕ್ಕಿಂತ ದೊಡ್ಡ ಅಪಾಯ.

ಆಸ್ಟ್ರೇಲಿಯಾದವರು ಫೇಲ್ ಎಂದು ಬರೆಯುವುದಿಲ್ಲ. ನನ್ನ ಹಾಳೆಯಲ್ಲಿ, ಕೋವಿ ನಿರ್ವಹಣೆ ಎಂಬುದರ ಎದುರು, "ಇನ್ನೂ ಇಲ್ಲ" ಎಂಬ ಅರ್ಥದ ಮಾತಿತ್ತು. ಮೆಲ್ಬರ್ನಿನ ಪರೀಕ್ಷೆಯಲ್ಲಿ ಇದನ್ನೂ ಮತ್ತೆ ನೋಡುತ್ತಾರೆ, ಅಲ್ಲಿಯೂ ಆಗದಿದ್ದರೆ ಮುಂದಿನ ವರ್ಷದ ಕೋರ್ಸಿಗೆ ಹೆಸರು ಕೊಡಬೇಕು ಎಂದರು ಗ್ರೇಮ್. ಮುಂದಿನ ವರ್ಷ ಯಾರು ಕಳಿಸುತ್ತಾರೆ? ಸೈಕಲ್ ಸ್ಟ್ಯಾಂಡಿನ ಶೀಟಿಗೆ ಅಳತೆ ತೆಗೆದಾಗಿದೆ ಎಂದು ಅವರಿಗೆ ಹೇಳಲಿಲ್ಲ.

ಕ್ಲೈಡ್ ನಾರ್ತ್, ಮಾರ್ಚ್ ೯ರಿಂದ

ಸಿಡ್ನಿಯಿಂದ ಮೆಲ್ಬರ್ನಿಗೆ ಹಗಲು ರೈಲು. ಒಣಹುಲ್ಲು, ಕುರಿ, ಮತ್ತೆ ಒಣಹುಲ್ಲು. ನಮ್ಮಲ್ಲಿ ಒಂದು ತಿರುವು ಕಳೆದರೆ ಇನ್ನೊಂದು ಊರು. ಇಲ್ಲಿ ಭೂಮಿ ಮಾತು ಮರೆತವರಂತೆ ಸುಮ್ಮನೆ ಬಿದ್ದುಕೊಂಡಿತ್ತು. ದಾರಿಯಲ್ಲಿ ಅವ್ವನಿಗೆ ಫೋನ್ ಮಾಡಿದೆ. ಉಪ್ಪಿನಕಾಯಿ ಹೇಗಿದೆ ಎಂದಳು. ಚೆನ್ನಾಗಿದೆ ಎಂದೆ.

ಮೆಲ್ಬರ್ನಿನಲ್ಲಿ ನನ್ನ ಹಾಸ್ಟೆಲ್ ಗೆಳತಿಯ ಅಕ್ಕ, ಧಾರವಾಡದ ಗಿರಿಜಕ್ಕನ ಮನೆ. ಗಂಡ ಆ ವಾರ ಕೆಲಸದ ಮೇಲೆ ಪರ್ತ್‌ಗೆ ಹೋಗಿದ್ದರು. ಮನೆಯಲ್ಲಿ ಗಿರಿಜಕ್ಕ, ಹನ್ನೊಂದು ವರ್ಷದ ಮಗಳು ಅನನ್ಯಾ. ಕ್ಲೈಡ್ ನಾರ್ತ್ ಹೊಸ ಬಡಾವಣೆ. ಮನೆಗಳೆಲ್ಲ ಒಂದೇ ಬಣ್ಣ, ಗಿಡಗಳೆಲ್ಲ ಮೊಣಕಾಲುದ್ದ. ಸಂಜೆ ವಾಕಿಂಗ್ ಹೋದರೆ ಮೂರು ಮನೆಗೊಂದು ಒಗ್ಗರಣೆಯ ವಾಸನೆ.

ಗಿರಿಜಕ್ಕ ಸ್ಟೇಷನ್ನಿನಲ್ಲಿ ನನ್ನನ್ನು ಅಪ್ಪಿಕೊಂಡು, ಚೀಲವನ್ನು ಮಾತ್ರ ದೂರದಿಂದ ನೋಡಿದರು. "ಖರೇ ಹೇಳವಾ, ಚೀಲದಾಗ ಬಂದೂಕ್ ಏನರ ಐತೇನು?"

"ಇಲ್ಲ ಅಕ್ಕ. ಬಟ್ಟೆ ಅಷ್ಟೆ."

"ನಮ್ಮವ್ವಗ ಹೇಳಬ್ಯಾಡ ಮತ್ತ, ನೀ ಯಾಕ ಬಂದಿ ಅಂತ. ಟೀಚರ್ ಟ್ರೇನಿಂಗ್ ಅಂದೀನಿ."

"ಅದು ಸುಳ್ಳೇನಲ್ಲ ಅಕ್ಕ."

"ಸುಳ್ಳಲ್ಲ ಅಂತನಽ ಹೇಳಿದ್ದು!"

ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆಂಪು ಚಟ್ನಿ. ಉಣ್ಣುತ್ತಲೇ ನನ್ನ ಕಷ್ಟ ಹೇಳಿಕೊಂಡೆ. ಮರುದಿನ ಅವರು ಮನೆಯಿಂದಲೇ ಕೆಲಸ ಮಾಡುವ ದಿನ. ಮೀಟಿಂಗ್ ಮುಗಿಸಿ ಹೊರಗೆ ಬಂದಾಗ ನಾನು ಹಿತ್ತಲಿನಲ್ಲಿ ಕಸಬರಿಗೆ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಇಸ್ತ್ರಿ ಮಾಡುವ ಮೇಜೇ ಬೆಂಚು. ಕಸಬರಿಗೆಯ ಬುಡಕ್ಕೆ ಅನನ್ಯಾಳ ಕಿತ್ತಳೆ ಬಣ್ಣದ ಕ್ಲಿಪ್ ಸಿಕ್ಕಿಸಿದ್ದೆ.

"ಅಯ್ಯ ನಮ್ಮವ್ವಾ," ಎಂದು ಗಿರಿಜಕ್ಕ ಬಾಗಿಲಲ್ಲೇ ಕೂತುಬಿಟ್ಟರು. "ಕಸಬರಿಗಿಗೆ ನಮಸ್ಕಾರ ಮಾಡಾಕ್ಹತ್ಯಲ್ಲಽ!"

"ಮಾಡಬಾರದು ಅಂತ ಅಭ್ಯಾಸ ಮಾಡ್ತಿದೀನಿ ಅಕ್ಕ."

"ಮಾಡಿದ್ಯಲ್ಲ ಈಗ."

"ಅದೇ ಕಷ್ಟ."

ಅನನ್ಯಾ ಶಾಲೆಯಿಂದ ಬಂದವಳು ನಮ್ಮಿಬ್ಬರನ್ನೂ ನೋಡಿದಳು. "ಮಮ್ಮಾ, ಇಟ್ಸ್ ಎ ಬ್ರೂಮ್."

"ಗೊತ್ತೈತಿ ಸುಮ್ನಿರು. ಆಂಟಿ ಕೈ ಕಣ್ಣಿಗೆ ಹೋದ್ರ ನೀ ಸ್ಟಾಪ್ ಅನ್ನು. ಜೋರಲೆ ಅನ್ನು."

ಅನನ್ಯಾಳಿಗೆ ಇದಕ್ಕಿಂತ ಒಳ್ಳೆಯ ಆಟ ಬೇಕಿರಲಿಲ್ಲ. ಹಿತ್ತಲಿನ ಬೇಲಿಯಾಚೆಯ ಪಂಜಾಬಿ ಅಜ್ಜಿ ಇಣುಕಿ ನೋಡುವಷ್ಟು ಜೋರಾಗಿ ಕೂಗಿದಳು. ಸಂಜೆಯ ಹೊತ್ತಿಗೆ ನನ್ನ ಕೈ ನಿಂತಿತು. ಆದರೆ ಕೈ ನಿಂತಾಗಲೆಲ್ಲ ಒಳಗೆ ನೋಡುವುದನ್ನು ಮರೆಯುತ್ತಿದ್ದೆ.

ಚಹಾ ಕುಡಿಯುತ್ತ ಗಿರಿಜಕ್ಕ ತಮ್ಮದೊಂದು ಕತೆ ಹೇಳಿದರು. "ನಾ ಇಲ್ಲಿಗೆ ಹೊಸದಾಗಿ ಬಂದಾಗ ಬಾಗಲಿಗೆ ನೀರು ಹಾಕಿ ರಂಗೋಲಿ ಬಿಡೂದು ನಿಲ್ಸಿಬಿಟ್ಟೆ. ಬೆಳಿಗ್ಗೆ ಥಂಡಿ, ಕತ್ತಲಿ, ಆಫೀಸಿನ ಗಡಿಬಿಡಿ. ಬಿಟ್ರ ಏನಾತು ಅಂದ್ರ, ಸ್ನಾನ ಹಿಂದ ಬಿತ್ತು, ನಾಷ್ಟಾ ಬಿಟ್ಟುಹೋತು, ಈಕಿ ಡಬ್ಬಿ ಮರತು ಸಾಲಿಗೆ ಕಳಿಸಿದೆ. ದಿನಾ ಏನರ ಒಂದು. ನಮ್ಮ ಮನ್ಯಾರು ಡಾಕ್ಟರ್ ಕಡೆ ಹೋಗೂಣು ಅಂದ್ರು."

"ಆಮೇಲೆ?"

"ಆಮ್ಯಾಲೇನು, ಈಗ ಈಕಿನ್ನ ಸಾಲಿಗೆ ಬಿಟ್ಟು ಬಂದು, ಬಿಸಲು ಬಿದ್ದಮ್ಯಾಲೆ ಹಾಕ್ತೀನಿ. ಮೊದಲಿಂದನ್ನ ಕಡೀಕ ಇಟ್ಟೆ. ಬಿಡಲಿಲ್ಲ. ಕೆಲಸ ಎಲ್ಲ ಮುಗಿಸಿದ್ರ ರಂಗೋಲಿ ಐತಿ ಅಂತ ಮನಸ್ಸಿಗೆ ಗೊತ್ತಿರ್ತದ, ನೋಡು, ತಾನಽ ಓಡ್ತದ."

ನಾನು ಕಪ್ಪು ಕೆಳಗಿಟ್ಟು ಮತ್ತೆ ಹಿತ್ತಲಿಗೆ ಹೋದೆ. ಮೊದಲು ತುದಿ ಎಲ್ಲಿದೆ ನೋಡು. ತೆರೆ. ಒಳಗೆ ನೋಡು. ಬೆರಳು ಹಾಕು. ಆಮೇಲೆ, ಆಮೇಲೆ ಮಾತ್ರ, ಕಣ್ಣಿಗೊತ್ತು. ಎತ್ತಬೇಡ. ಮೇಜಿನ ಮೇಲೇ ಇರಲಿ, ನೀನೇ ಬಾಗು. ಹಾಡಿನ ಸಾಲುಗಳನ್ನು ಅದಲುಬದಲು ಮಾಡಿ ಕಲಿಯುವುದು ಕಷ್ಟ. ಆದರೆ ಸಾಲು ಕಿತ್ತೆಸೆಯುವಷ್ಟು ಕಷ್ಟವಲ್ಲ. ಕತ್ತಲಾಗುವ ತನಕ ಕಸಬರಿಗೆಗೆ ಬಾಗಿದೆ. ಅನನ್ಯಾ ಕೂಗಲು ಕಾರಣ ಸಿಗದೆ ಬೇಜಾರಾಗಿ ಒಳಗೆ ಹೋಗಿ ಟಿವಿ ಹಾಕಿದಳು.

ಮೆಲ್ಬರ್ನ್ ಹೊರವಲಯ, ಮಾರ್ಚ್ ೧೩

ಈ ಕ್ಲಬ್ಬು ಹುಲ್ಲುಗಾವಲಿನ ನಡುವೆ ಇತ್ತು, ಗುರಿಹಲಗೆಗಳ ಹಿಂದೆ ಒಂದು ಮಣ್ಣಿನ ಗುಡ್ಡ. ನಾನು ತಲುಪಿದಾಗ ಕೆಂಪು ಬಾವುಟ ಏರಿತ್ತು, ಎಲ್ಲರೂ ಕೈಕಟ್ಟಿ ಕೂತಿದ್ದರು. ರೇಂಜಿನ ಮಧ್ಯದಲ್ಲಿ ಐದಾರು ಕಾಂಗರೂಗಳು ಮೇಯುತ್ತಿದ್ದವು. ಅವು ತಾವಾಗಿ ಹೋಗುವವರೆಗೆ ಯಾರೂ ಕೋವಿ ಮುಟ್ಟುವಂತಿಲ್ಲ. ಊರಿನಲ್ಲಿ ಆನೆ ದಾಟುವವರೆಗೆ ಬಸ್ಸು ಎಂಜಿನ್ ಆರಿಸಿ ನಿಲ್ಲುತ್ತದಲ್ಲ, ಜನ ಪಿಸುಮಾತಿನಲ್ಲಿ ಮದುವೆ ಮಾತುಕತೆ ಮುಗಿಸಿಬಿಡುತ್ತಾರಲ್ಲ, ಅದೇ ಕೂಟ, ಅದೇ ಪಿಸುಮಾತು. ಆ ದೇಶದಲ್ಲಿ ನನಗೆ ತೀರ ಮನೆಯಂತೆ ಅನಿಸಿದ ಹೊತ್ತು ಅದೇ ಇರಬೇಕು.

ಪರೀಕ್ಷಕಿ ಲಿಂಡಾ ಸಣ್ಣ ಕೂದಲಿನ, ಕಡಿಮೆ ಮಾತಿನ ಹೆಂಗಸು. ನಾನು ಕಲಿಸಬೇಕಾದವರು ಪ್ಯಾಟ್. ಎಪ್ಪತ್ತರ ಹತ್ತಿರದ ವಯಸ್ಸು, ದನ ಸಾಕುವ ಫಾರ್ಮು. ಗಂಡ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಲೈಸೆನ್ಸ್ ಇಲ್ಲದ ಪ್ಯಾಟ್ ಮನೆಯಲ್ಲಿ ಗಂಡನ ರೈಫಲ್ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ಅದು ಕ್ಲಬ್ಬಿನ ಕಬ್ಬಿಣದ ಕಪಾಟಿನಲ್ಲಿತ್ತು. ಲೈಸೆನ್ಸ್ ಪಡೆಯಲು ಅವರು ಮೊದಲು ಕಲಿಯಬೇಕಿತ್ತು.

"ನನಗೆ ಯಾವುದನ್ನೂ ಹೊಡೆಯಬೇಕಾಗಿಲ್ಲ," ಎಂದರು ಪ್ಯಾಟ್, ನನ್ನ ಕೈ ಕುಲುಕಿ. "ನಾಲ್ವತ್ತು ವರ್ಷ ಹಜಾರದ ಮೂಲೆಯ ಕಪಾಟಿನಲ್ಲಿತ್ತು. ಅದು ಅಲ್ಲೇ ಇರಬೇಕು ಅಷ್ಟೆ."

ಮೊದಲು ಕ್ಲಬ್ಬಿನ ರೈಫಲ್ಲಿನಲ್ಲಿ ನಾನು ತೋರಿಸಿದೆ. ತುದಿ ಗುಡ್ಡದ ಕಡೆ. ತೆರೆ. ನೋಡು. ಬೆರಳು. ಕೈ ಕಣ್ಣಿನತ್ತ ಒಮ್ಮೆ ಜುಂ ಅಂದಿತು, ಆದರೆ ಹೋಗಲಿಲ್ಲ. ಕೋವಿಯನ್ನು ಎತ್ತದೆ ನಾನೇ ಬೆಂಚಿಗೆ ಬಾಗಿ ಹಿಡಿಗೆ ಕಣ್ಣು ತಾಗಿಸಿದೆ. ಲಿಂಡಾ ಏನೋ ಬರೆದುಕೊಂಡರು. ಪ್ಯಾಟ್ ಹಾಲು ಕರೆದ ಗಟ್ಟಿ ಕೈಯವರು. ಬೇಗ ಕಲಿತರು. ಮೊಣಕೈ ಮುಟ್ಟಲೇ ಎಂದು ಕೇಳಿದರೆ, "ಮುಟ್ಟಮ್ಮ, ಈಗ ಯಾರೂ ಮುಟ್ಟುವವರಿಲ್ಲ," ಎಂದು ನಕ್ಕರು.

ಆಮೇಲೆ ಲಿಂಡಾ ಕಪಾಟಿನಿಂದ ಅವರ ಗಂಡನ ರೈಫಲ್ ತಂದು, ಬೋಲ್ಟ್ ತೆರೆದು, ಪಟ್ಟಿ ಸಿಕ್ಕಿಸಿ, ಬೆಂಚಿನ ಮೇಲಿಟ್ಟರು. ಮರದ ಹಿಡಿ ಕೆನ್ನೆ ತಾಗುವಲ್ಲಿ ಕಪ್ಪಾಗಿ ಹೊಳೆಯುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಪ್ಯಾಟ್ ಅದನ್ನು ಬಾಚಿ ಎತ್ತಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅಪ್ಪಿ, ಕಪ್ಪಾದ ಜಾಗಕ್ಕೆ ಮೂಗು ಇಟ್ಟರು. ಕಣ್ಣು ಮುಚ್ಚಿತ್ತು. ನಳಿಗೆ ಸುತ್ತಿಬಂದು ಲಿಂಡಾರ ಕುತ್ತಿಗೆಯ ಎತ್ತರದಲ್ಲಿ ನಿಂತಿತು.

"ನಿಲ್ಲಿ!"

ನನ್ನ ಗಂಟಲಿನಿಂದ ಬಂದ ಆ ಕೂಗು ನನಗೇ ಗುರುತು ಹತ್ತಲಿಲ್ಲ. ಇಂಗ್ಲಿಷ್ ಕೂಡ ಆಗಿರಲಿಲ್ಲ. ಆದರೆ ಪ್ಯಾಟ್ ನಿಂತರು. ಪಕ್ಕದ ರೇಂಜಿನಲ್ಲಿದ್ದವರೂ ನಿಂತರು. ದೂರದಲ್ಲಿ ಕಾಂಗರೂಗಳು ಕಿವಿ ನೆಟ್ಟಗೆ ಮಾಡಿ ನಮ್ಮತ್ತ ನೋಡಿದವು.

ಹಿರಿಯರ ಮೇಲೆ, ಅದೂ ಗಂಡನನ್ನು ಕಳೆದುಕೊಂಡವರ ಮೇಲೆ, ನಾನು ಹಾಗೆ ಕೂಗಿದ್ದು ಜೀವನದಲ್ಲಿ ಅದೇ ಮೊದಲು. ಹತ್ತಿರ ಹೋಗಿ ತುದಿಯನ್ನು ಗುಡ್ಡದ ಕಡೆ ತಿರುಗಿಸಿ, ರೈಫಲನ್ನು ಅವರೇ ಬೆಂಚಿಗೆ ಇಳಿಸುವಂತೆ ಮಾಡಿದೆ. ಪ್ಯಾಟ್‌ರ ಮುಖ ಬಿಳಿಚಿಕೊಂಡಿತ್ತು.

"ಅವನ ವಾಸನೆ ಇದೆ," ಎಂದರು. "ಕ್ಷಮಿಸು. ಅವನ ವಾಸನೆ ಇನ್ನೂ ಇದೆ ಅದರಲ್ಲಿ."

ಪಾಠದ ಪ್ರಕಾರ ನಾನು ಇಲ್ಲಿ ತರಗತಿ ನಿಲ್ಲಿಸಿ, ಕಲಿಯುವವರು ಸಮಾಧಾನವಾಗಿಲ್ಲ ಎಂದು ಬರೆದು, ಇನ್ನೊಂದು ದಿನ ಬರಲು ಹೇಳಬಹುದಿತ್ತು. ಅದರಲ್ಲಿ ತಪ್ಪಿಲ್ಲ. ಆದರೆ ಅವರನ್ನು ಹಾಗೆಯೇ ಮನೆಗೆ ಕಳಿಸಿದರೆ ಮುಂದಿನ ಬಾರಿಯೂ ಅವರ ಕೈ ಇದನ್ನೇ ಮಾಡುತ್ತದೆ. ಕೈಗೆ ತಡೆ ಹಾಕಿದರೆ ಏನಾಗುತ್ತದೆಂದು ಆ ರೇಂಜಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಪ್ಯಾಟ್, ಅದು ನಿಮ್ಮ ಹತ್ತಿರ ಬರುವುದು ಬೇಡ," ಎಂದೆ. "ಅದು ಬೆಂಚಿನ ಮೇಲೆ ಇರಲಿ. ತುದಿ ಎಲ್ಲಿದೆ ಹೇಳಿ."

"ಗುಡ್ಡದ ಕಡೆ."

"ಒಳಗೆ ನೋಡಿ."

ಪಟ್ಟಿ ತೆಗೆದು ನೋಡಿದರು. "ಖಾಲಿ."

"ಬೆರಳು ಹಾಕಿ."

"ಖಾಲಿ."

"ಪಟ್ಟಿ ವಾಪಸು ಇಡಿ. ಕೈ ಎರಡೂ ಬೆಂಚಿನ ಮೇಲೆ. ಈಗ ನೀವು ಅದರ ಹತ್ತಿರ ಹೋಗಿ. ಎಷ್ಟು ಹೊತ್ತು ಬೇಕಾದರೂ."

ಪ್ಯಾಟ್ ಬಾಗಿದರು. ಅಂಗೈಗಳನ್ನು ಹಲಗೆಗೆ ಊರಿ, ಕಪ್ಪಾದ ಜಾಗಕ್ಕೆ ಕೆನ್ನೆ ಇಟ್ಟು, ಹಾಗೆಯೇ ಇದ್ದರು. ಅವರ ಬೆನ್ನು ಏರಿಳಿಯುವುದನ್ನು ನೋಡುತ್ತ ನಾನು ಪಕ್ಕದಲ್ಲಿ ನಿಂತೆ. ಗಾಳಿಗೆ ಹುಲ್ಲು ಸರಿದಾಡುತ್ತಿತ್ತು. ಬಹಳ ಹೊತ್ತಾದ ಮೇಲೆ ಲಿಂಡಾ ಕೇಳಿದರು: "ಇದು ನಿನ್ನ ಪಾಠದ ಯೋಜನೆಯಲ್ಲಿ ಇದೆಯಾ?"

"ಇದೆ," ಎಂದೆ. "ಖಾಲಿ ಎಂದು ನೋಡಿದ ಮೇಲೆ, ಗುಂಡು ತುಂಬುವ ಮೊದಲು."

ಪ್ಯಾಟ್ ತಲೆ ಎತ್ತಿದರು, ಕಣ್ಣೊರೆಸಿಕೊಂಡರು, ಮೂಗು ಸೀಟಿಕೊಂಡರು. ಆಮೇಲೆ ಐದು ಗುಂಡು ಹೊಡೆದರು. ನಾಲ್ಕು ಹಲಗೆಗೆ ಬಿದ್ದವು. ಐದನೆಯದು ಎಲ್ಲಿ ಹೋಯಿತೆಂದು ಕೇಳಿದಾಗ, "ಅದು ಅವನಿಗೆ. ಯಾವಾಗಲೂ ಮೇಲಕ್ಕೇ ಹೊಡೆಯುತ್ತಿದ್ದ," ಎಂದರು.

ಲಿಂಡಾ ಸಂಜೆ ನನ್ನ ಹಾಳೆ ಕೊಟ್ಟರು. "ಇನ್ನೂ ಇಲ್ಲ" ಎಂಬುದಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ್ದರು. ಕೆಳಗೆ ಒಂದು ಸಾಲು ಟಿಪ್ಪಣಿ: ಆಜ್ಞೆ ಯಾವುದೋ ಭಾಷೆಯಲ್ಲಿತ್ತು, ಎಲ್ಲರಿಗೂ ಅರ್ಥವಾಯಿತು.

ಗೋಣಿಕೊಪ್ಪಲು

ಊರಿಗೆ ಬಂದು ಬಹಳ ತಿಂಗಳಾಯಿತು. ಸಿಡ್ನಿ, ಮೆಲ್ಬರ್ನ್ ಎಂದರೆ ಜನ ಸೇತುವೆ, ಸಮುದ್ರ, ಅಂಗಡಿ ಕೇಳುತ್ತಾರೆ. ಸೇತುವೆಯನ್ನು ನಾನು ರೈಲಿನಿಂದ ನೋಡಿದೆ, ಚೆನ್ನಾಗಿತ್ತು. ನೆನಪಾಗುವುದು ಬೇರೆ. ಗಿರಿಜಕ್ಕನ ಹಿತ್ತಲಿನ ಇಸ್ತ್ರಿ ಮೇಜು, ಕತ್ತು ಓರೆ ಮಾಡಿ ನನ್ನನ್ನು ಲೆಕ್ಕಕ್ಕೇ ಇಡದ ಆ ಬಿಳಿ ಗಿಳಿ, ಬಿಸಿಲಿನಲ್ಲಿ ಬೆಂಚಿಗೆ ಊರಿದ ಪ್ಯಾಟ್‌ರ ಅಂಗೈಗಳು. ಒಮ್ಮೊಮ್ಮೆ ಆ ಹುಲ್ಲಿನ ಒಣವಾಸನೆ ಎಲ್ಲಿಂದಲೋ ಬಂದಂತಾಗಿ, ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿಹೋಗಿದ್ದೂ ಉಂಟು.

ರೇಂಜಿನ ಬೀಗ ಜೂನ್‌ನಲ್ಲಿ ತೆಗೆದರು. ಶನಿವಾರ ಬೆಳಿಗ್ಗೆ ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ. ರೈಫಲುಗಳು ಬೆಂಚಿನ ಮೇಲೆ, ತುದಿಗಳೆಲ್ಲ ಗುಡ್ಡದ ಕಡೆ. ತೆರೆ ಎನ್ನುತ್ತೇನೆ, ತೆರೆಯುತ್ತಾರೆ. ನೋಡಿ ಎನ್ನುತ್ತೇನೆ, ನೋಡುತ್ತಾರೆ. ಖಾಲಿ, ಖಾಲಿ, ಖಾಲಿ ಎಂದು ಸಾಲಿನುದ್ದಕ್ಕೂ ದನಿ ಹೋಗುತ್ತದೆ. ಆಮೇಲೆ ನಾನು ಏನೂ ಹೇಳುವುದಿಲ್ಲ. ಕೆಲವರು ಬಾಗಿ ಹಿಡಿಗೆ ಕಣ್ಣು ತಾಗಿಸುತ್ತಾರೆ, ಜಡೆಗಳು ಭುಜದ ಮೇಲಿಂದ ಮುಂದೆ ಜಾರುತ್ತವೆ. ಕೆಲವರು ಬಾಗುವುದಿಲ್ಲ. ರುಕ್ಸಾನಾ ಬರೀ ಅಂಗೈ ಇಟ್ಟು ನಿಲ್ಲುತ್ತಾಳೆ. ಹೊಸದಾಗಿ ಸೇರಿದ ಒಬ್ಬಳು ಅತ್ತಿತ್ತ ನೋಡಿ ಸುಮ್ಮನೆ ಉಸಿರು ಬಿಡುತ್ತಾಳೆ.

ಕಳೆದ ವಾರ ಬಂದಿದ್ದ ಶಾಲಾ ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡು, "ಏನಮ್ಮ ಇದು, ಯಾಕೆ ನಿಲ್ಸಿದ್ದೀರಿ?" ಎಂದು ಕೇಳಿದರು.

"ಪಾಠ ನಡೀತಾ ಇದೆ ಸರ್," ಎಂದೆ.

ಕೊನೆಯ ತಲೆ ಮೇಲೆದ್ದ ಮೇಲೆ ಗುಂಡು ತುಂಬಲು ಹೇಳಿದೆ.